ಕೆಟ್ಟುಹೋದ ಲೈಬ್ರರಿಯಿಂದ ಪ್ಲೇಲಿಸ್ಟ್‌ಗಳನ್ನು ಮರಳಿ ಪಡೆದ ನನ್ನ ಅನುಭವ

ಬೆಳಗಾವಿಯ ನಮ್ಮ ಮನೆಯ ಹಳೆಯ ಮ್ಯಾಕ್‌ನ ಡಿಸ್ಕ್ ಕೈಕೊಟ್ಟು, ಹಾಡು ಕೇಳುವ ತಂತ್ರಾಂಶವಾದ ಐಟ್ಯೂನ್ಸ್‌ನ ಲೈಬ್ರರಿ ಕೆಟ್ಟಾಗ, ಸುಮಾರು 9,000 ಹಿಂದೂಸ್ತಾನಿ ಧ್ವನಿಮುದ್ರಣಗಳು ವಿಂಡೋಸ್‌ನಲ್ಲಿ ಮಾಡಿಟ್ಟ ಬ್ಯಾಕಪ್‌ನಲ್ಲಿ ಉಳಿದಿದ್ದವು. ಹೋದದ್ದು, ದಿನದ ಪ್ರಹರಕ್ಕೆ ತಕ್ಕಂತೆ ವರ್ಷಗಟ್ಟಲೆ ಕೇಳಿ ಕೇಳಿ ಜೋಡಿಸಿದ ಇನ್ನೂರರಷ್ಟು ಪ್ಲೇಲಿಸ್ಟ್‌ಗಳ ಕ್ರಮ. ‘ಹಾಡು ಅದಾವಲ್ರೀ, ಪಟ್ಟಿ ಮತ್ತ ಮಾಡಿಕೋರಿ’ ಎಂದ ಗೆಳೆಯರಿಗೆ ಆ ಕ್ರಮದ ಬೆಲೆ ತಿಳಿದಿರಲಿಲ್ಲ. ಡೇಟಾ ರಿಕವರಿ ಅಂಗಡಿಯೊಂದರಲ್ಲಿ ತಪಾಸಣೆಗೆಂದೇ ₹1,500 ಹೋಯಿತು. ಪೂರ್ಣ ಕೆಲಸಕ್ಕೆ ಎಂಟೊಂಬತ್ತು ಸಾವಿರ ಕೇಳಿದ ಅವರು, ಪ್ಲೇಲಿಸ್ಟ್ ಮಾತ್ರ ಬರುವುದೇ ಇಲ್ಲವೆಂದರು.

ಡಿಸ್ಕಿನಿಂದ ಓದಲು ಸಿಕ್ಕ, ಹಾಡು ಮತ್ತು ಪಟ್ಟಿಗಳ ವಿವರವನ್ನು ಐಟ್ಯೂನ್ಸ್ ಬರೆದಿಡುವ ಎಕ್ಸ್‌ಎಂಎಲ್ ಫೈಲನ್ನು ಮೊದಲು ಬೇರೆಡೆ ನಕಲಿಸಿದೆ, ಏಕೆಂದರೆ ಐಟ್ಯೂನ್ಸ್ ಖಾಲಿ ಲೈಬ್ರರಿಯೊಂದಿಗೆ ತೆರೆದುಕೊಂಡರೆ ಅದರ ಮೇಲೆಯೇ ಬರೆದುಬಿಡುತ್ತದೆ. ಪಟ್ಟಿಗಳಲ್ಲಿ ಇರುವುದು ಟ್ರ್ಯಾಕ್ ಐಡಿ (ಪ್ರತಿ ಹಾಡಿನ ಸಂಖ್ಯೆ) ಮಾತ್ರ. ಹಾಡುಗಳನ್ನು ಹೊಸದಾಗಿ ಸೇರಿಸಿದೊಡನೆ ಆ ಸಂಖ್ಯೆಗಳು ಬದಲಾಗುವುದರಿಂದ ಅವುಗಳನ್ನು ನಂಬದೆ, ಪ್ರತಿ ಐಡಿಗೂ ಅದೇ ಫೈಲಿನಲ್ಲಿರುವ ಲೊಕೇಶನ್ (ಹಾಡಿನ ಫೈಲ್ ಇರುವ ಜಾಗ) ಹಿಡಿದು, ಪೈಥಾನ್‌ನಲ್ಲಿ ಎಂ3ಯು8 ಎಂಬ ಸರಳ ಪಠ್ಯರೂಪದ ಪಟ್ಟಿಗಳನ್ನು ಬರೆಸಿದೆ.

ಮೊದಲ ಸಲ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಬ್ಯಾಕಪ್‌ನ ಫೈಲ್‌ಗಳೊಡನೆ ಹೊಂದಿಕೊಂಡಿತು. ಯಮನ್, ಲಲತ್ ರಾಗಗಳ ಮುದ್ರಣಗಳೆಲ್ಲವೂ ಬಂದವು; ತೋಡಿ, ಭೈರವ, ಬಾಗೇಶ್ರೀ ಒಂದೂ ಬರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಸಂಗ್ರಹ ವ್ಯವಸ್ಥೆ, ಫೈಲ್ ಹೆಸರಿನಲ್ಲಿರುವ ‘ೋ’, ‘ೈ’, ‘ೇ’, ‘ೀ’ಗಳಂಥ ಚಿಹ್ನೆಗಳನ್ನು ಯೂನಿಕೋಡ್‌ನ ಬಿಡಿ ಭಾಗಗಳಾಗಿ ಒಡೆದು ಇಡುತ್ತದೆ, ವಿಂಡೋಸ್‌ನಲ್ಲಿ ಟೈಪ್ ಮಾಡಿದ ಹೆಸರುಗಳಲ್ಲಿ ಅವು ಒಡೆದಿರಲಿಲ್ಲ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಎರಡೂ ಬದಿಯ ಹೆಸರುಗಳನ್ನು, ಬಿಡಿ ಭಾಗಗಳನ್ನು ಕೂಡಿಸಿ ಇಡುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ತಂದ ಮೇಲೆ ತೋಡಿಯ ಪಟ್ಟಿಗಳೆಲ್ಲ ಒಮ್ಮೆಗೇ ತುಂಬಿಕೊಂಡವು. ಈ ದೋಷವನ್ನು ಯಾರ ನೆರವೂ ಇಲ್ಲದೆ ಪತ್ತೆ ಮಾಡಿದ್ದರ ಬಗ್ಗೆ ನನಗೆ ಹೆಮ್ಮೆಯಿದೆ.

ಇನ್ನೊಂದು ತೊಡಕು, ಒಂದೇ ಹೆಸರಿನ ಫೈಲ್‌ಗಳದು. 1924ರಲ್ಲಿ ನಮ್ಮ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಮುದ್ರಣಗಳೇ ನನ್ನಲ್ಲಿ ಹೆಚ್ಚು. ಫೋಲ್ಡರ್ ಬದಲಾದಾಗ ಒಂದೇ ರಾಗದ ಹಲವು ಫೈಲ್‌ಗಳನ್ನು ಬೇರ್ಪಡಿಸಲು ಮಿಲಿಸೆಕೆಂಡುಗಳಲ್ಲಿರುವ ಅವಧಿ ನೆರವಾಯಿತು. ಎಷ್ಟು ಅಂತರದವರೆಗೆ ಒಂದೇ ಎಂದು ಒಪ್ಪಬೇಕೆಂಬ ಲೆಕ್ಕವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಡುವೆ, ಧ್ವನಿಯಿಂದಲೇ ಹಾಡನ್ನು ಗುರುತಿಸಬಲ್ಲ ತಂತ್ರಾಂಶವಾದ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್‌ನಿಂದ ಧ್ವನಿಗುರುತು ಹಿಡಿಸಿಯೂ ನೋಡಿದೆ: ಮಾರುಕಟ್ಟೆಯ ಸಿ.ಡಿ.ಗಳಲ್ಲಿ ಕೆಲವು ಸಿಕ್ಕವು, ಮನೆಯಲ್ಲಿ ಕ್ಯಾಸೆಟ್‌ನಿಂದ ಇಳಿಸಿದ ಬೈಠಕ್‌ಗಳು ಒಂದೂ ಸಿಗಲಿಲ್ಲ.

ಈಗ ಏಳೆಂಟನ್ನು ಬಿಟ್ಟು ಉಳಿದ ಪಟ್ಟಿಗಳೆಲ್ಲ ಹಳೆಯ ಕ್ರಮದಲ್ಲೇ ಇವೆ. ಬ್ಯಾಕಪ್‌ನಲ್ಲಿ ಇಲ್ಲದ ಮುದ್ರಣಗಳ ಹೆಸರನ್ನು, ಅವು ಇದ್ದ ಜಾಗದಲ್ಲೇ # ಗುರುತಿನ ಸಾಲಾಗಿ ಬರೆದಿಟ್ಟಿದ್ದೇನೆ. ಫೈಲ್ ಸಿಕ್ಕಾಗ ಅಲ್ಲೇ ಸೇರಿಸಬಹುದು.