ಇಂಗ್ಲೆಂಡಿನಲ್ಲಿ ಹೆತ್ತವರ ಆರೈಕೆ: ಕೌನ್ಸಿಲ್ ನೆರವು ಕೇಳುವುದು ಹೇಗೆ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮೊದಲ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಸ್ನಾನಕ್ಕೆ, ಮೆಟ್ಟಿಲು ಹತ್ತಲು ಇನ್ನೊಬ್ಬರ ಕೈ ಬೇಕು. ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ನೆರವು ಕೇಳಲು ಮಾತ್ರ ಎಷ್ಟೋ ಮನೆಗಳು ಹಿಂಜರಿಯುತ್ತವೆ. ಹಿಂಜರಿಕೆ ಬೇಡ. 2014ರ ಕೇರ್ ಆ್ಯಕ್ಟ್ (ಆರೈಕೆ ಕಾಯ್ದೆ) ಬಂದ ಮೇಲೆ ಅದು ಹಕ್ಕು.

1948ರಿಂದ ಒಂದರ ಮೇಲೊಂದು ಬಂದಿದ್ದ ಕಾನೂನುಗಳನ್ನು ಈ ಕಾಯ್ದೆ ಒಟ್ಟುಗೂಡಿಸಿತು. ಮೊದಲು ಒಂದು ಕೌನ್ಸಿಲ್‌ನಲ್ಲಿ ಸಿಗುತ್ತಿದ್ದ ನೆರವು ಪಕ್ಕದ ಕೌನ್ಸಿಲ್‌ನಲ್ಲಿ ಸಿಗುತ್ತಿರಲಿಲ್ಲ. ಈಗ ಇಡೀ ಇಂಗ್ಲೆಂಡಿಗೆ ಒಂದೇ ಕನಿಷ್ಠ ಮಾನದಂಡ. 2014ರ ಮೇ ತಿಂಗಳಲ್ಲಿ ಅಂಗೀಕಾರವಾದ ಕಾಯ್ದೆ 2015ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಆ ಹನ್ನೊಂದು ತಿಂಗಳೂ ತುಂಬದ ಅವಧಿಯಲ್ಲಿ ಕೌನ್ಸಿಲ್‌ಗಳು ಸಿಬ್ಬಂದಿಗೆ ತರಬೇತಿ ಕೊಟ್ಟು, ಅರ್ಜಿ ನಮೂನೆಗಳನ್ನೂ ಕಂಪ್ಯೂಟರ್ ವ್ಯವಸ್ಥೆಯನ್ನೂ ಬದಲಿಸಿ ಸಜ್ಜಾಗಬೇಕಾಯಿತು. ಅವರು ಸಜ್ಜಾದಂತೆ ನಾವೂ ಸಜ್ಜಾಗಿ ಹೋದರೇನೇ ಕೆಲಸ ಆಗುವುದು.

ಮೊದಲು ಫೋನ್ ಮಾಡಿ

ಹಿರಿಯರು ವಾಸವಿರುವ ಊರಿನ ಕೌನ್ಸಿಲ್‌ನ ‘ಅಡಲ್ಟ್ ಸೋಶಿಯಲ್ ಕೇರ್’ ವಿಭಾಗಕ್ಕೆ ಫೋನ್ ಮಾಡಿ ‘ನೀಡ್ಸ್ ಅಸೆಸ್‌ಮೆಂಟ್’ (ಯಾವ ನೆರವು ಅಗತ್ಯ ಎಂಬ ಪರಿಶೀಲನೆ) ಬೇಕೆಂದು ಹೇಳಿ. ಡಿಸ್ಟ್ರಿಕ್ಟ್, ಕೌಂಟಿ ಎಂಬ ಎರಡು ಕೌನ್ಸಿಲ್‌ಗಳೂ ಇರುವ ಕಡೆ ಕೌಂಟಿ ಕೌನ್ಸಿಲ್ಲನ್ನೇ ಕೇಳಬೇಕು. ಅಸೆಸ್‌ಮೆಂಟ್ ಉಚಿತ. ಉಳಿತಾಯ ಹೆಚ್ಚಿದೆ ಎಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ತಂದೆ ತಾಯಿ ವಿಸಿಟರ್ ಅಥವಾ ಅವಲಂಬಿತರ ವೀಸಾದಲ್ಲಿದ್ದರೆ ಮೊದಲು ವಲಸೆ ಕಾನೂನು ಬಲ್ಲವರ ಸಲಹೆ ಪಡೆಯಿರಿ.

ಕನ್ನಡ ಬಲ್ಲ ದುಭಾಷಿ ಬೇಕೆಂದು ಆಗಲೇ ತಿಳಿಸಿ. ಹಿಂದಿ ಸಾಕಲ್ಲವೇ ಎಂದರೆ ಒಪ್ಪಬೇಡಿ. ಮೊಮ್ಮಕ್ಕಳನ್ನು ದುಭಾಷಿಯಾಗಿ ಕೂರಿಸಲೇಬೇಡಿ. ಶೌಚದ ತೊಂದರೆಯನ್ನು ಯಾವ ಅಜ್ಜಿಯೂ ಮೊಮ್ಮಗನ ಎದುರು ಬಾಯಿ ಬಿಟ್ಟು ಹೇಳುವುದಿಲ್ಲ.

ಇದ್ದದ್ದು ಇದ್ದಂತೆ ಹೇಳಿ

ನಮ್ಮವರು ಸೋಲುವುದು ಇಲ್ಲಿಯೇ. ಸೋಶಿಯಲ್ ವರ್ಕರ್ ಮನೆಗೆ ಬಂದೊಡನೆ ಅಮ್ಮ ಒಳ್ಳೆಯ ಸೀರೆ ಉಟ್ಟು, ಚಹಾ ಮಾಡಿಸಿ, ‘ಎಲ್ಲಾ ನಾನೇ ಮಾಡ್ಕೋತೀನಿ’ ಎನ್ನುತ್ತಾರೆ. ‘ನಾವಿದ್ದೀವಲ್ಲ’ ಎಂದು ಮಗ ದನಿಗೂಡಿಸುತ್ತಾನೆ. ಕಡತದಲ್ಲಿ ಬರೆಯುವುದು ಅದನ್ನೇ.

ಕಾಯ್ದೆ ನೋಡುವುದು ಹತ್ತು ವಿಷಯಗಳನ್ನು: ಊಟ, ಶುಚಿ, ಶೌಚ, ಉಡುಪು, ಮನೆಯೊಳಗೆ ಸುರಕ್ಷಿತವಾಗಿ ಓಡಾಡುವುದು, ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು, ಬಂಧುಬಳಗದ ಒಡನಾಟ, ಹೊರಗೆ ಹೋಗಿಬರುವುದು ಇತ್ಯಾದಿ. ಕಾಯಿಲೆಯ ಅಥವಾ ದೌರ್ಬಲ್ಯದ ಕಾರಣ ಇವುಗಳಲ್ಲಿ ಎರಡಾದರೂ ಆಗದೆ, ಬದುಕಿನ ಮೇಲೆ ಗಣನೀಯ ಪರಿಣಾಮ ಬೀರುತ್ತಿದ್ದರೆ ಅರ್ಹತೆ ಇದೆ. ‘ಆಗದು’ ಎಂದರೆ ಪೂರ್ತಿ ಆಗದು ಎಂದಲ್ಲ. ಅಮ್ಮ ಸೀರೆ ತಾವೇ ಉಡಬಹುದು. ಆದರೆ ಬೆರಳು ಮಡಚಲಾಗದೆ ನೆರಿಗೆ ಹಿಡಿಯಲು ಮುಕ್ಕಾಲು ಗಂಟೆ ಬೇಕಾದರೆ, ನೋವಿಗೆ ನಡುವೆ ಎರಡು ಸಲ ಮಂಚದ ಮೇಲೆ ಕೂತರೆ, ಕಾಯ್ದೆಯ ಪ್ರಕಾರ ಅದೂ ‘ಆಗದು’ ಎಂಬ ಲೆಕ್ಕವೇ. ಅಪಾಯಕ್ಕೆ ಒಡ್ಡಿಕೊಂಡು ಮಾಡುವುದೂ ಅಷ್ಟೇ.

ಆದ್ದರಿಂದ ಅಸೆಸ್‌ಮೆಂಟ್‌ಗೆ ಮುನ್ನ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದರು, ಎಲ್ಲಿ ಎಡವಿದರು, ಯಾವ ಮಾತ್ರೆ ಮರೆತರು. ಮೈ ಹಗುರವಿದ್ದ ದಿನದ ಜೊತೆಗೆ ಕೆಟ್ಟ ದಿನದ್ದನ್ನೂ ಹೇಳಿ. ಮನೆಯವರು ಈಗ ಮಾಡುತ್ತಿರುವ ಕೆಲಸವನ್ನು ಬದಿಗಿಟ್ಟು ಅಗತ್ಯವನ್ನು ಅಳೆಯಬೇಕು ಎಂಬುದೇ ನಿಯಮ.

ಆರೈಕೆ ಮಾಡುವವರಿಗೂ ಅಸೆಸ್‌ಮೆಂಟ್

ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ನಿದ್ದೆಯಿಲ್ಲ, ಕೆಲಸಕ್ಕೆ ರಜೆ ಮುಗಿದಿದೆ. ಅವರು ತಮ್ಮ ಹೆಸರಿನಲ್ಲೇ ‘ಕೇರರ್ಸ್ ಅಸೆಸ್‌ಮೆಂಟ್’ ಕೇಳಬಹುದು. ಅತ್ತೆ ಒಪ್ಪದಿದ್ದರೂ ಕೇಳಬಹುದು. ಈ ಕಾಯ್ದೆಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಅಂಶ ಇದು.

ದುಡ್ಡಿನ ಲೆಕ್ಕ

ಅಸೆಸ್‌ಮೆಂಟ್ ಉಚಿತವಾದರೂ ಆರೈಕೆ ಎನ್ಎಚ್ಎಸ್ (ಸರ್ಕಾರಿ ಆರೋಗ್ಯ ಸೇವೆ) ಥರ ಉಚಿತವಲ್ಲ. ಹಿರಿಯರ ಆಸ್ತಿ, ಉಳಿತಾಯ 23,250 ಪೌಂಡ್ ಮೀರಿದರೆ ಸಾಮಾನ್ಯವಾಗಿ ಪೂರ್ತಿ ಖರ್ಚು ಅವರದೇ. 14,250ಕ್ಕಿಂತ ಕಡಿಮೆಯಿದ್ದರೆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯದೆ ಆದಾಯವನ್ನು ಮಾತ್ರ ನೋಡುತ್ತಾರೆ. ಈ ಮಿತಿ 2010ರಿಂದ 2025-26ರವರೆಗೂ ಕದಲಿಲ್ಲ. ಬೆಲೆ ಏರಿದಷ್ಟೂ ಹೆಚ್ಚು ಜನ ಹೊರಗುಳಿಯುವಂತಾಗಿರುವುದು ಅನ್ಯಾಯ. ಒಬ್ಬರು ಜೀವಮಾನದಲ್ಲಿ ಆರೈಕೆಗೆ ಭರಿಸಬೇಕಾದ ಖರ್ಚಿಗೆ 86,000 ಪೌಂಡ್ ಮಿತಿ ಹಾಕುವ ಯೋಜನೆಯನ್ನೂ 2024ರ ಜುಲೈನಲ್ಲಿ ಕೈಬಿಡಲಾಯಿತು.

ಮನೆಯಲ್ಲೇ ಆರೈಕೆ ಪಡೆದರೆ ವಾಸದ ಮನೆ ಲೆಕ್ಕಕ್ಕಿಲ್ಲ. ಕೇರ್ ಹೋಮಿಗೆ (ಆರೈಕೆ ಕೇಂದ್ರಕ್ಕೆ) ಶಾಶ್ವತವಾಗಿ ಹೋದರೆ ಸೇರುತ್ತದೆ; ಆ ವಾಸದ ಮನೆಯಲ್ಲಿ ಸಂಗಾತಿ ಉಳಿದಿದ್ದರೆ ಇಲ್ಲ. ಮೈಸೂರಿನ ಸೈಟು, ಬೆಂಗಳೂರಿನ ಬ್ಯಾಂಕಿನ ಠೇವಣಿ ಎಲ್ಲವನ್ನೂ ತಿಳಿಸಬೇಕು. ಶುಲ್ಕ ತಪ್ಪಿಸಲೆಂದು ಮಕ್ಕಳ ಹೆಸರಿಗೆ ಬರೆದರೆ, ಇನ್ನೂ ಅವರ ಬಳಿಯೇ ಇದೆ ಎಂದು ಕೌನ್ಸಿಲ್ ಪರಿಗಣಿಸಬಹುದು.

ಇಲ್ಲ ಎಂದರೆ

ಕಾರಣವನ್ನು ಬರಹದಲ್ಲಿ ಪಡೆಯಿರಿ. ಕೊಡುವುದು ಕೌನ್ಸಿಲ್‌ನ ಕರ್ತವ್ಯ. ನಿಮ್ಮ ನೋಟ್‌ಬುಕ್ಕಿನ ಜೊತೆ ಅದನ್ನು ಹೋಲಿಸಿ, ಬಿಟ್ಟುಹೋದದ್ದನ್ನು ಗುರುತಿಸಿ, ಮೊದಲು ಕೌನ್ಸಿಲ್‌ಗೇ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಲೋಕಲ್ ಗವರ್ನಮೆಂಟ್ ಆ್ಯಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್ (ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ. ಅವರಿಗೆ ದೂರು ಕೊಡಲು ಶುಲ್ಕವಿಲ್ಲ. ಸಮಸ್ಯೆ ತಿಳಿದ 12 ತಿಂಗಳೊಳಗೆ ಕೊಡಬೇಕು.