ವಾಗ್ದಾನವನ್ನು ಹಿಡಿದುಕೊಳ್ಳುವ ಮುನ್ನ

ನನ್ನ ಗಂಡನ ಔಷಧಿ ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೆ. ಸತ್ಯವೇದದ, ಅಂದರೆ ಬೈಬಲಿನ, ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳೇ ಎಂದು ದೇವರು ಹೇಳುವ ವಚನ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಓಡಾಡಿದ ಆ ಮೂರು ವರ್ಷ, ಮಾತ್ರೆ ತೆಗೆಯುವಾಗಲೆಲ್ಲ ಅದನ್ನು ಓದುತ್ತಿದ್ದೆ. ಅವರು ಗುಣವಾಗುತ್ತಾರೆ ಎಂಬುದೇ ಅದರ ಅರ್ಥ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅವರು ತೀರಿಕೊಂಡ ಮರುದಿನ ಚೀಟಿಯನ್ನು ಕಿತ್ತು ಹಾಕಿದೆ. ದೇವರು ಮಾತಿಗೆ ತಪ್ಪಿದನು ಎಂಬ ಸಿಟ್ಟಿನಲ್ಲಿ ಆರು ತಿಂಗಳು ಸತ್ಯವೇದವನ್ನು ತೆರೆಯಲಿಲ್ಲ.

ಈಗ ಸಭೆಯಲ್ಲಿ ಯಾರಾದರೂ ನನ್ನ ಬಳಿ ಕುಳಿತು, "ಅಕ್ಕಾ, ದೇವರ ವಾಗ್ದಾನವನ್ನು ಹೇಗೆ ನಂಬಲಿ?" ಎಂದು ಕೇಳಿದರೆ, ವಚನವನ್ನು ಹಿಡಿದುಕೊಳ್ಳುವ ಮೊದಲು ಇಡೀ ಅಧ್ಯಾಯವನ್ನು ಓದಿ ಎನ್ನುತ್ತೇನೆ. ಯೆರೆಮೀಯನ 29ನೆಯ ಅಧ್ಯಾಯ ಒಂದು ಪತ್ರ. ಪ್ರವಾದಿಯಾದ ಯೆರೆಮೀಯನು ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಬರೆದದ್ದು. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ ಎಂದು ಅದು ಹೇಳುತ್ತದೆ. ನನ್ನ ಚೀಟಿಯಲ್ಲಿದ್ದ ವಚನದ ಹಿಂದಿನ ವಚನದಲ್ಲೇ ಹಿಂದಿರುಗಲು 70 ವರ್ಷ ಆಗಬೇಕು ಎಂಬ ಲೆಕ್ಕವಿದೆ. ಆ ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಅಲ್ಲಿಯೇ ಮಣ್ಣಾದರು. ಆದರೂ ದೇವರು ಆ ಜನಾಂಗವನ್ನು ಹಿಂದಕ್ಕೆ ಕರೆತಂದನು. ಮೂರು ವರ್ಷ ದಿನವೂ ಓದಿದ ವಚನದ ಒಂದು ಸಾಲು ಮೇಲಕ್ಕೆ ನಾನು ಕಣ್ಣು ಹಾಯಿಸಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಾನು ಪುಟವನ್ನು ಮೂರು ಭಾಗ ಮಾಡಿಕೊಂಡೆ. ಮೊದಲನೆಯದರಲ್ಲಿ ಕ್ರಿಸ್ತನನ್ನು ನಂಬಿದ ಎಲ್ಲರಿಗೂ ಕೊಟ್ಟ ಮಾತುಗಳು: ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ (ಇಬ್ರಿಯರಿಗೆ 13:5), ಮರಣವಾಗಲಿ ಜೀವವಾಗಲಿ ಆತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು (ರೋಮಾಪುರದವರಿಗೆ 8:38, 39), ನನ್ನನ್ನು ನಂಬುವವನು ಸತ್ತರೂ ಬದುಕುವನು (ಯೋಹಾನ 11:25). ಲೋಕದಲ್ಲಿ ನಿಮಗೆ ಸಂಕಟ ಉಂಟು ಎಂಬುದನ್ನೂ ಅಲ್ಲಿಯೇ ಬರೆಯಿರಿ (ಯೋಹಾನ 16:33). ಅದೂ ಕರ್ತನೇ ಹೇಳಿದ ಮಾತು, ಲೋಕವನ್ನು ಜಯಿಸಿದ್ದೇನೆ ಎಂಬ ಧೈರ್ಯದ ಮಾತು ಅದರ ಬೆನ್ನಿಗೇ ಇದೆ. ಎರಡನೆಯ ಭಾಗದಲ್ಲಿ ಒಬ್ಬ ವ್ಯಕ್ತಿಗೋ ಒಂದು ಜನಾಂಗಕ್ಕೋ ಕೊಟ್ಟ ಮಾತುಗಳು. ಅಬ್ರಹಾಮನ ಹೆಂಡತಿ ಸಾರಳಿಗೆ ಮಗ ಹುಟ್ಟುವನು ಎಂಬುದು ಸಾರಳಿಗೆ ಸೇರಿದ್ದು. ಕೊಟ್ಟವನು ಎಂಥವನು ಎಂದು ಅದರಿಂದ ತಿಳಿಯಬಹುದು, ಆ ಮಗುವನ್ನು ಮಾತ್ರ ನನ್ನದೆಂದು ಕೇಳಲಾಗದು.

ಮೂರನೆಯ ಭಾಗ ಕಷ್ಟದ್ದು. ದೇವರು ಕೊಡದೆ ನಾನೇ ಆತನ ಬಾಯಿಗೆ ಹಾಕಿದ ಮಾತುಗಳು. 'ಅವರು ಗುಣವಾಗುತ್ತಾರೆ' ಎಂಬುದನ್ನು ಬಹಳ ದಿನ ಮೊದಲನೆಯ ಭಾಗದಲ್ಲಿಯೇ ಇಟ್ಟಿದ್ದೆ. ಅದನ್ನು ಹೊಡೆದು ಹಾಕಿ ಮೂರನೆಯದಕ್ಕೆ ಬರೆಯುವಾಗ ಕೈ ನಡುಗಿತು. ಹಾಗೆಂದು ಬಯಕೆಗಳನ್ನು ಅಳಿಸಬೇಡಿ. ಅವುಗಳ ಮುಂದೆ 'ಬೇಡಿಕೆ' ಎಂದು ಬರೆದು, ಬಿಡದೆ ಬೇಡಿ. ನಾನು ಈಗಲೂ ರೋಗಿಗಳ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಪ್ರಾರ್ಥಿಸುತ್ತೇನೆ, ಮನಸ್ಸಾರೆ ಪ್ರಾರ್ಥಿಸುತ್ತೇನೆ.

ಕಾಯುವಾಗ ವರ್ಷಗಳನ್ನು ಎಣಿಸಿ ನೋಡಿ. ಅಬ್ರಹಾಮನು ದೇವರ ಮಾತು ಕೇಳಿ ಹೊರಟಾಗ 75 ವರ್ಷ, ವಾಗ್ದಾನದ ಮಗ ಇಸಾಕನು ಹುಟ್ಟಿದಾಗ 100. ನಡುವೆ 86ನೆಯ ವಯಸ್ಸಿನಲ್ಲಿ, ಸಾರಳ ದಾಸಿ ಹಾಗರಳಿಂದ ಇಷ್ಮಾಯೇಲ. ಕಾಯುವುದು ಸಾಕಾಗಿ ಮನುಷ್ಯರು ತಾವೇ ಹುಡುಕಿಕೊಂಡ ದಾರಿ ಅದು. ಮೋಶೆ ಕಳುಹಿಸಿದ ಗೂಢಚಾರರಲ್ಲಿ ಒಬ್ಬನಾದ ಕಾಲೇಬನು ವಾಗ್ದಾನದ ದೇಶವನ್ನು ಸಂಚರಿಸಿ ನೋಡಿದಾಗ 40 ವರ್ಷ, ಹೆಬ್ರೋನನ್ನು ಕೇಳಿ ಪಡೆದಾಗ 85. ಸೋತು ಸುಣ್ಣವಾದ ವಾರದಲ್ಲಿ ದೊಡ್ಡ ತೀರ್ಮಾನ ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕಾಣಿಕೆ ಕೊಟ್ಟರೆ ಗುಣವಾಗುವುದು ಖಚಿತ ಎಂದ ಒಬ್ಬರ ಮಾತು ನಂಬಿ, ಚಿಕಿತ್ಸೆಗೆ ಕೂಡಿಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ನಾನು ಕೊಟ್ಟುಬಿಟ್ಟೆ. ದೇವರ ವಾಗ್ದಾನಕ್ಕೆ ದರ ಕಟ್ಟುವವರಿಂದ ದೂರವಿರಿ.

ದೂರುವುದಿದ್ದರೆ ದೇವರಿಗೇ ದೂರಿ. 13ನೆಯ ಕೀರ್ತನೆ ಆರೇ ವಚನ. ಮೊದಲ ಎರಡರಲ್ಲೇ 'ಎಷ್ಟರವರೆಗೆ' ಎಂಬ ಕೂಗು ನಾಲ್ಕು ಸಲ ಬರುತ್ತದೆ. ಕೊನೆಯ ವಚನದಲ್ಲಿ ದಾವೀದನು ಹಾಡುತ್ತಾನೆ. 88ನೆಯ ಕೀರ್ತನೆಗೆ ಅಂಥ ಹಾಡೂ ಇಲ್ಲ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ! ಆರು ತಿಂಗಳ ನಂತರ ನಾನು ಮೊದಲು ತೆರೆದದ್ದು ಆ ಪುಟವನ್ನು. ನನ್ನ ದೂರನ್ನು ಒಂದೇ ವಾಕ್ಯದಲ್ಲಿ ಬರೆದೆ: 'ನಾನು ಕೇಳಿದೆ, ನೀನು ಕೊಡಲಿಲ್ಲ.' ಅದರ ಕೆಳಗೆ ಮೊದಲನೆಯ ಭಾಗದಿಂದ ಒಂದು ವಾಗ್ದಾನವನ್ನು ನಕಲು ಮಾಡಿದೆ. ಎರಡನ್ನೂ ಗಟ್ಟಿಯಾಗಿ ಓದಿದೆ. ಇದನ್ನು ಹೀಗೆಯೇ ಮಾಡಿ. ದೂರನ್ನು ಮೆತ್ತಗೆ ಮಾಡಬೇಡಿ.

ಸಿಕ್ಕ ಸಹಾಯವನ್ನು ಅಂದೇ ಬರೆದಿಡಿ, ತಾರೀಖಿನೊಡನೆ, ಎರಡು ಸಾಲು ಸಾಕು. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿದ ಮೇಲೆ ಅದರ ಮಧ್ಯದಿಂದ 12 ಕಲ್ಲುಗಳನ್ನು ತಂದು ನಿಲ್ಲಿಸಿದ್ದು, 'ಈ ಕಲ್ಲುಗಳೇನು' ಎಂದು ಮಕ್ಕಳು ಕೇಳಲಿ ಎಂದು. ಮನುಷ್ಯರಿಗೆ ಮರೆವು ಬೇಗ. ನನ್ನ ಪುಸ್ತಕದಲ್ಲಿ ದೊಡ್ಡ ಅದ್ಭುತಗಳಿಲ್ಲ. 'ರಾತ್ರಿ ಅವರ ಪಕ್ಕ ಕುಳಿತುಕೊಳ್ಳಲು ಸಭೆಯ ಹುಡುಗ ಬಂದ. ನಾನು ಐದು ಗಂಟೆ ನಿದ್ದೆ ಮಾಡಿದೆ.' ಕೈಬಿಡುವುದಿಲ್ಲ ಎಂಬ ಮಾತು ಆ ರಾತ್ರಿ ಆ ಹುಡುಗನ ರೂಪದಲ್ಲಿ ಬಂದಿತ್ತು. ಅದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ ಪುಟ ತಿರುವಿದಾಗ.

ನಂಬಲು ಆಗದ ದಿನ ಬಂದೇ ಬರುತ್ತದೆ. ಅಂದು ನಿಮ್ಮೊಳಗೆ ನಂಬಿಕೆ ಎಷ್ಟಿದೆ ಎಂದು ಅಳೆಯುತ್ತಾ ಕೂರಬೇಡಿ. ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ 'ಹೌದು' ಎಂದು ಪೌಲನು ಬರೆದನು. ಹಾಗಾದರೆ ಅವು ನಿಂತಿರುವುದು ಶಿಲುಬೆಗೆ ಹೋಗಿ ಸಮಾಧಿಯಿಂದ ಎದ್ದು ಬಂದವನ ಮೇಲೆ. ನನ್ನ ಹಿಡಿತ ಸಡಿಲವಾದರೆ ಆತನು ಸಡಿಲವಾಗುವುದಿಲ್ಲ. 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಎಂದು, ರೋಗಿಯಾದ ಮಗನನ್ನು ಯೇಸುವಿನ ಬಳಿಗೆ ತಂದ ತಂದೆ ಹೇಳಿದ ಮಾತನ್ನು ಹೇಳಿ. ಅದೂ ಬಾಯಿಗೆ ಬರದಿದ್ದರೆ ಬೇರೆಯವರನ್ನು ಕರೆಯಿರಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆಯಿಂದ ಇಳಿಸಿದಾಗ ಯೇಸು ಅವರ ನಂಬಿಕೆಯನ್ನು ನೋಡಿದನು ಎಂದು ಮಾರ್ಕನು ಬರೆದಿದ್ದಾನೆ.

ಕೊನೆಯ ಸಂಜೆ ನನ್ನ ಗಂಡ 23ನೆಯ ಕೀರ್ತನೆ ಓದು ಎಂದರು. ನನ್ನ ಗಂಟಲಿನಿಂದ ಸ್ವರ ಹೊರಡಲಿಲ್ಲ. ಮಗಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಕಾರ್ಗತ್ತಲಿನ ಕಣಿವೆಯ ವಚನಕ್ಕೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡೇ, 'ನೀನು ನನ್ನ ಸಂಗಡ ಇರುತ್ತೀ' ಎಂದು ಅವಳಿಗಿಂತ ಮೊದಲು ಹೇಳಿ ಮುಗಿಸಿದರು.