ಗಿಡ ಬೋಳಾದ ಆ ವಾರ

ಮೂರು ವರ್ಷ ಮುತುವರ್ಜಿಯಿಂದ ಬೆಳೆಸಿದ ನಿಂಬೆಗಿಡ ಒಂದೇ ವಾರದಲ್ಲಿ ಬೋಳಾಯಿತು. ಸೋಮವಾರ ತಿಳಿಹಸಿರು ಚಿಗುರಿನಿಂದ ತುಂಬಿಕೊಂಡಿದ್ದ ಗಿಡದಲ್ಲಿ ಶನಿವಾರದ ಹೊತ್ತಿಗೆ ಉಳಿದದ್ದು ಎಲೆಯ ನಡುನರ, ಮುಳ್ಳು, ಕಡ್ಡಿ. ಬಗ್ಗಿ ನೋಡಿದರೆ ಕಿರುಬೆರಳಿನಂಥ ಐದಾರು ಹಸಿರು ಹುಳುಗಳು. ನನಗೆ ಸಿಟ್ಟು ನೆತ್ತಿಗೇರಿತು. ಸೋಪು ಕಲಸಿದ ನೀರನ್ನು ಎರಚಿದೆ, ಉಳಿದವನ್ನು ಕಡ್ಡಿಯಿಂದ ಕೆಡವಿ ಚಪ್ಪಲಿಯಲ್ಲಿ ಹೊಸಕಿದೆ.

ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆ ಹುಳುಗಳ ಊಟ ಆಗಲೇ ಮುಗಿದಿತ್ತು. ಇನ್ನೊಂದೆರಡು ದಿನ ಸುಮ್ಮನಿದ್ದಿದ್ದರೆ ತಾವಾಗಿಯೇ ಗಿಡ ಬಿಟ್ಟು ಹೋಗುತ್ತಿದ್ದವು. ಗಿಡವಂತೂ ಮೂರು ವಾರದಲ್ಲಿ ಮತ್ತೆ ಚಿಗುರಿತು. ನಾನು ಹುಳು ಕೊಂದದ್ದಕ್ಕೆ ಚಿಗುರಿದ್ದಲ್ಲ, ಅದರ ಬೇರು ಗಟ್ಟಿಯಿತ್ತು.

ಹೊಸ ಚಿಗುರು ಬಂದ ಮೇಲೆ ಅಣ್ಣನ ಮಗಳು ರಜೆಗೆ ಬಂದಿದ್ದಳು. ಒಂದು ಬೆಳಗ್ಗೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಕೂಗಿದಳು: "ಅತ್ತೇ, ಹಕ್ಕಿ ಹಿಕ್ಕೆ ನಡೀತಾ ಇದೆ, ಬಾ ನೋಡು!" ಹೋಗಿ ನೋಡಿದೆ. ಕಪ್ಪು ಕಂದು ಮೈ, ನಡುವೆ ಸುಣ್ಣ ಚೆಲ್ಲಿದಂಥ ಬಿಳಿ ಮಚ್ಚೆ. ಎಲೆಯ ಮೇಲೆ ಬಿದ್ದ ಹಿಕ್ಕೆಯೇ ಸರಿ, ಆದರೆ ನಡೆಯುತ್ತಿತ್ತು. ಅವಳು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಾಗ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ಎರಡು ಕೊಂಬು ಛಕ್ಕನೆ ಹೊರಬಂದವು, ಜೊತೆಗೆ ಮೂಗಿಗೆ ಬಡಿಯುವ ಘಾಟು. ಅವಳು ಕಿರುಚಿ ಹಿಂದೆ ಹಾರಿದಳು, ಆಮೇಲೆ ನಗುತ್ತಾ ಮತ್ತೆ ಬಂದು ಕೂತಳು. ಅದು ನಿಂಬೆ ಚಿಟ್ಟೆಯ ಮರಿ. ನಾನು ಹೊಸಕಿದ್ದೂ ಇದನ್ನೇ ಎಂದು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ. ಬೆಳಗ್ಗೆ ನೀರು ಹಾಕುವ ಮೊದಲು ಐದು ನಿಮಿಷ, ಅಷ್ಟೇ. ತಾಯಿಚಿಟ್ಟೆ ಬಂದು ಮುಂಗಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ರುಚಿ ನೋಡುತ್ತದೆ. ಇದು ತನ್ನ ಮಕ್ಕಳಿಗೆ ಆಗುವ ಗಿಡ ಎಂದು ಖಾತ್ರಿಯಾದ ಮೇಲೆ ಹೊಟ್ಟೆ ಬಗ್ಗಿಸಿ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದಿನ ಎಲೆಗೆ ಹಾರುತ್ತದೆ. ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿ ಗುಂಡು. ಕೆಲವೇ ದಿನಗಳಲ್ಲಿ ಅದು ಒಡೆದು ಹುಳು ಹೊರಬರುತ್ತದೆ. ಅಲ್ಲಿಂದ ನಾಲ್ಕು ಸಲ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತದೆ. ಮೊದಲ ನಾಲ್ಕು ಹಂತಗಳಲ್ಲಿ ಹಿಕ್ಕೆಯ ವೇಷ. ಐದನೆಯದರಲ್ಲಿ ಮಾತ್ರ ಎಲೆಹಸಿರು.

ನನ್ನ ಕಣ್ಣು ತೆರೆಸಿದ್ದು ಈ ಐದನೇ ಹಂತ. ಹುಳು ಇಡೀ ಬಾಲ್ಯದಲ್ಲಿ ತಿನ್ನುವ ಎಲೆಯ ಬಹುಪಾಲನ್ನು ಈ ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಅಲ್ಲಿಯವರೆಗೆ ಗಿಡದಲ್ಲಿ ಹುಳು ಇದೆ ಎಂಬುದೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಲೆ ಮಾಯವಾಗಿದ್ದು ಕಂಡು ನಾವು ಔಷಧಿ ಹುಡುಕುವ ಹೊತ್ತಿಗೆ ಹುಳು ಎಲೆ ಬಿಡಲು ತಯಾರಾಗಿರುತ್ತದೆ. ಹಾಗಾಗಿ ನಾನು ಒಂದು ಪಾಠ ಇಟ್ಟುಕೊಂಡಿದ್ದೇನೆ: ಹುಳು ಕಂಡ ದಿನ ಏನೂ ಮಾಡುವುದಿಲ್ಲ. ತಾರೀಖು ಬರೆದು ನಾಲ್ಕು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಗಿಡದ ಬುಡದಲ್ಲಿ ಬಿದ್ದ ಹಿಕ್ಕೆಯ ಗಾತ್ರ ನೋಡಿದರೂ ಸಾಕು, ಮೇಲಿರುವ ಹುಳು ಯಾವ ವಯಸ್ಸಿನದು ಎಂದು ಅಂದಾಜಾಗುತ್ತದೆ. ಗಟ್ಟಿ ಹಿಕ್ಕೆಯ ಬದಲು ನೀರುನೀರಾಗಿ ಬಿದ್ದಿದ್ದರೆ ಅದು ಹೊಟ್ಟೆ ಖಾಲಿ ಮಾಡಿಕೊಂಡು ಕೋಶ ಕಟ್ಟಲು ಹೊರಟಿದೆ ಎಂದೇ ಅರ್ಥ.

ಕೊಲ್ಲುವುದನ್ನು ಬಿಟ್ಟವಳು ಸುಮ್ಮನಿರಲಿಲ್ಲ, ಕಾಪಾಡಲು ಹೊರಟೆ. ಕಂಡ ಹುಳುಗಳನ್ನೆಲ್ಲ ಡಬ್ಬಿಗಳಲ್ಲಿ ಹಾಕಿ ಒಳಗೆ ತಂದಿಟ್ಟೆ. ಒಂದೇ ಡಬ್ಬಿಯಲ್ಲಿ ಹನ್ನೊಂದು ಹುಳು. ಮೊದಲ ವಾರ ಚೆನ್ನಾಗಿಯೇ ಇತ್ತು. ಎರಡನೇ ವಾರ ಒಂದು ಹುಳು ಕಪ್ಪಾಗಿ, ಮೆತ್ತಗಾಗಿ, ಜೋಲುಬಿದ್ದು ಸತ್ತಿತು. ಎರಡು ದಿನದಲ್ಲಿ ಉಳಿದವೂ ಹಾಗೇ. ಇಕ್ಕಟ್ಟು, ತೇವ, ತೆಗೆಯದ ಹಿಕ್ಕೆ ಇದ್ದಲ್ಲಿ ರೋಗ ಒಂದರಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತದೆ. ಗಿಡದ ಮೇಲೆ ಎಲೆಗೊಂದರಂತೆ ದೂರ ದೂರ ಮೊಟ್ಟೆ ಇಟ್ಟ ತಾಯಿಯ ಲೆಕ್ಕಾಚಾರವನ್ನು ನಾನು ಡಬ್ಬಿಯಲ್ಲಿ ತುಂಬಿ ಕೆಡಿಸಿದ್ದೆ.

ಅದೇ ಕಾಲಕ್ಕೆ, ಹುಳುಗಳಿಗೆ ಮೇವು ಸಾಲದು ಎಂದು ನರ್ಸರಿಯೊಂದರಿಂದ ಇನ್ನೊಂದು ನಿಂಬೆಗಿಡ ತಂದೆ. ಒಂದು ಚುಕ್ಕೆಯೂ ಇಲ್ಲದ, ಫಳಫಳ ಹೊಳೆಯುವ ಎಲೆಗಳು. ನಾಲ್ಕು ಹುಳುಗಳನ್ನು ಅದರ ಮೇಲೆ ಬಿಟ್ಟೆ. ಮರುದಿನ ನಾಲ್ಕೂ ಬಾಯಿಂದ ಹಸಿರು ನೀರು ಕಾರಿಕೊಂಡು ನೆಲಕ್ಕೆ ಬಿದ್ದಿದ್ದವು. ಬೇರಿನಿಂದ ಎಲೆಯವರೆಗೆ ಗಿಡದೊಳಗೇ ಹರಿಯುವ ಕೀಟನಾಶಕಗಳಿವೆ. ಅವು ತೊಳೆದರೆ ಹೋಗುವಂಥವಲ್ಲ, ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಆಮೇಲೆ ಕೊಂಡು ತಂದ ಯಾವ ಗಿಡವನ್ನೂ ನಾನು ನೇರವಾಗಿ ಹುಳುಗಳಿಗೆ ಕೊಟ್ಟಿಲ್ಲ. ಬೀಜದಿಂದಲೋ ಕಡ್ಡಿಯಿಂದಲೋ ನಾನೇ ಬೆಳೆಸಿಕೊಳ್ಳುತ್ತೇನೆ. 'ಸಾವಯವ' ಎಂಬ ಚೀಟಿ ಅಂಟಿಸಿದ ಔಷಧಿಗೂ ಇದೇ ಮಾತು. ಹುಳುಗಳನ್ನು ಕೊಲ್ಲುವ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಎಂಬ ಬ್ಯಾಕ್ಟೀರಿಯಾದ ಪುಡಿ ಮನುಷ್ಯರಿಗೆ ತೊಂದರೆ ಮಾಡದಿರಬಹುದು, ಆದರೆ ಹುಳು ಕೋಸನ್ನು ಕೊರೆಯುವುದೋ ನಾಳೆ ಚಿಟ್ಟೆಯಾಗುವುದೋ ಎಂದು ಅದು ನೋಡುವುದಿಲ್ಲ. ಆ ಪುಡಿ ಬಿದ್ದ ಎಲೆಯನ್ನು ತಿಂದ ಹುಳು ಸಾಯುತ್ತದೆ.

ಇಷ್ಟಾದ ಮೇಲೆ ಹುಳುಗಳನ್ನು ಗಿಡದಲ್ಲೇ ಬಿಟ್ಟೆ. ಕಷ್ಟವಾದದ್ದು ಆಗಲೇ, ಏಕೆಂದರೆ ಗಿಡದ ಮೇಲೆ ಬಿಟ್ಟರೆ ಅವು ಸಾಯುವುದನ್ನು ನೋಡಬೇಕು. ಒಂದು ಚಿಗುರಿನ ಸುತ್ತ 23 ಮೊಟ್ಟೆ ಎಣಿಸಿದ್ದೆ. ಇರುವೆಗಳು ಕೆಲವನ್ನು ಹೊತ್ತವು. ಕಣಜವೊಂದು ಹುಳುವನ್ನು ಹಿಡಿದು ಅಲ್ಲೇ ಕಚ್ಚಿ ಉಂಡೆಮಾಡಿಕೊಂಡು ತನ್ನ ಮರಿಗಳಿಗೆ ಒಯ್ದಿತು. ಒಂದು ಹುಳುವಿನ ಪಕ್ಕ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿದ್ದವು. ಅದರ ಮೈಯೊಳಗೆ ಬೆಳೆದು ಹೊರಬಂದ ಪುಟ್ಟ ಕಣಜಗಳ ಗೂಡು. ಕೋಶವಾದವುಗಳಲ್ಲಿ ಒಂದರ ಬೆನ್ನಿನಲ್ಲಿ ಸೂಜಿಯಿಂದ ಚುಚ್ಚಿದಷ್ಟು ತೂತು. ಒಳಗೆ ಚಿಟ್ಟೆ ಇರಲಿಲ್ಲ. ಕಣ್ಣಿಗೆ ಕಷ್ಟಪಟ್ಟು ಕಾಣುವಂಥ ಕಣಜಗಳು ಆ ತೂತಿನಿಂದ ಸಾಲಾಗಿ ಹೊರಡುತ್ತಿದ್ದವು. ಕೊನೆಗೆ ರೆಕ್ಕೆ ಬಿಚ್ಚಿ ಹಾರಿದ್ದು ಎರಡು ಚಿಟ್ಟೆ.

ನನಗೆ ಅಳು ಬಂದಿತ್ತು. ಆದರೆ ಅದೇ ತಿಂಗಳು ದಾಸವಾಳದ ಎರಡು ಎಲೆ ಸೇರಿಸಿ ಹೊಲಿದುಕೊಂಡಿದ್ದ ಸಿಂಪಿಗ ಹಕ್ಕಿಯ ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕೂತಿದ್ದವು. ತಂದೆತಾಯಿ ಎರಡೂ ನಿಮಿಷಕ್ಕೊಮ್ಮೆ ಎಂಬಂತೆ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಬರುತ್ತಿದ್ದವು. ಕಾಳು ತಿನ್ನುವ ಗುಬ್ಬಿಯೂ ಎಳೆಮರಿಗೆ ಕಾಳು ಕೊಡುವುದಿಲ್ಲ, ಹುಳುವನ್ನೇ ಕೊಡುತ್ತದೆ. ಹೂವಿನ ಮಕರಂದ ಕುಡಿಯುವ ಸೂರಕ್ಕಿಯದೂ ಅದೇ ರೀತಿ, ಮರಿಗಳಿಗೆ ಕೀಟ, ಜೇಡ. ಹುಳುವಿಲ್ಲದ ತೋಟಕ್ಕೆ ಹಕ್ಕಿ ಹಾಡಲು ಬಂದೀತು, ಮರಿ ಮಾಡಲು ಬರುವುದಿಲ್ಲ. ಇದು ತಿಳಿದ ಮೇಲೆ ಡಬ್ಬಿಗಳನ್ನು ತೊಳೆದು ಮೇಲಿಟ್ಟೆ. ಕಣಜ ಒಯ್ದ ಹುಳುವಿಗೆ ಈಗಲೂ ಮನಸ್ಸು ಚುರುಕ್ಕೆನ್ನುತ್ತದೆ, ಆದರೆ ಕೈ ಅಡ್ಡ ಹಿಡಿಯುವುದಿಲ್ಲ.

ಯಾವ ಗಿಡ ಯಾರಿಗೆ ಎಂಬುದರಲ್ಲಿ ಮಾತ್ರ ನನ್ನ ಕೈವಾಡ ಉಂಟು. ಎಲ್ಲ ಹುಳುಗಳೂ ಎಲ್ಲ ಎಲೆ ತಿನ್ನುತ್ತವೆ ಎಂಬ ಹೆದರಿಕೆ ನನಗೂ ಇತ್ತು. 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಎಂಬ ವಿಜ್ಞಾನಿಗಳು ಚಿಟ್ಟೆಗೂ ಗಿಡಕ್ಕೂ ಇರುವ ನಂಟನ್ನು ವಿವರಿಸಿದ್ದಾರೆ: ಗಿಡ ತನ್ನ ರಕ್ಷಣೆಗೆ ಕಹಿಯನ್ನೋ ವಿಷವನ್ನೋ ತಯಾರಿಸುತ್ತದೆ, ಆ ವಿಷವನ್ನು ದಕ್ಕಿಸಿಕೊಳ್ಳಲು ಕಲಿತ ಹುಳುವಿನ ಸಂತತಿ ಅದೇ ಬಳಗದ ಗಿಡಗಳಿಗೆ ಅಂಟಿಕೊಳ್ಳುತ್ತದೆ. ನಿಂಬೆಯ ಹುಳು ಹಸಿದು ಸತ್ತರೂ ಪಕ್ಕದ ದಾಸವಾಳಕ್ಕೆ ಬಾಯಿ ಹಾಕದು. ಎಕ್ಕದ ಮೇಲಿನ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುವಿಗೆ ಎಕ್ಕದ ಹಾಲಿನ ವಿಷವೇ ಕವಚ. ಬೇಲಿಯ ಮೂಲೆಯಲ್ಲಿ ತಾನಾಗಿ ಹುಟ್ಟಿದ ಎಕ್ಕವನ್ನು ಕೀಳದೆ ಬಿಟ್ಟದ್ದು ನಾನು ಮಾಡಿದ ಅತಿ ಸುಲಭದ, ಅತಿ ಫಲ ಕೊಟ್ಟ ಕೆಲಸ.

ಈಗ ನಿಂಬೆ ಎರಡು ಇವೆ. ದೊಡ್ಡದು ಅವುಗಳ ಪಾಲು. ಚಿಕ್ಕದು ಇನ್ನೂ ಮೊಣಕಾಲೆತ್ತರ. ಒಂದೇ ಹುಳು ಬಂದರೂ ತಾಳುವ ಶಕ್ತಿ ಅದಕ್ಕಿಲ್ಲ, ಅದರ ಮೇಲೆ ತೆಳುಬಟ್ಟೆ ಮುಚ್ಚಿದ್ದೇನೆ. ಅಲ್ಲಿ ಸಿಕ್ಕ ಹುಳುವನ್ನು ದೊಡ್ಡ ಗಿಡಕ್ಕೆ ಸಾಗಿಸುವಾಗ ಕೈಯಿಂದ ಕಿತ್ತೆತ್ತುವುದಿಲ್ಲ. ಪೊರೆ ಬಿಡುವ ಮುನ್ನ ಅದು ರೇಷ್ಮೆ ನೇಯ್ದು ಕಾಲುಗಳನ್ನು ಎಲೆಗೆ ಬಿಗಿದುಕೊಂಡಿರುತ್ತದೆ, ಎಳೆದರೆ ಗಾಯವಾಗುತ್ತದೆ. ಎಲೆ ಸಮೇತ ಕತ್ತರಿಸಿ ಆ ಗಿಡದ ಕೊಂಬೆಗೆ ಸಿಕ್ಕಿಸಿದರೆ ತಾನೇ ದಾಟಿಕೊಳ್ಳುತ್ತದೆ.

ಎಲ್ಲಕ್ಕೂ ನಾನು ಜಾಗ ಬಿಡುತ್ತೇನೆ ಎಂದರೆ ಸುಳ್ಳಾಗುತ್ತದೆ. ಟೊಮೆಟೊ ಕಾಯಿ ಕೊರೆಯುವ ಹುಳುವನ್ನು ಕಾಯಿ ಸಮೇತ ತೆಗೆದು ಹಕ್ಕಿಗಳು ಬರುವ ಕಲ್ಲಿನ ಮೇಲಿಡುತ್ತೇನೆ. ಓಡಾಡುವ ದಾರಿಯ ಗಿಡದಲ್ಲಿ ಕಂಬಳಿಹುಳು ಕಂಡರೆ ಉದ್ದ ಕಡ್ಡಿಯಿಂದ ದೂರಕ್ಕೆ ಸಾಗಿಸುತ್ತೇನೆ. ಒಮ್ಮೆ ಬರಿಗೈಯಲ್ಲಿ ಮುಟ್ಟಿ ಸಂಜೆಯವರೆಗೆ ಉರಿ ಅನುಭವಿಸಿದ್ದೇನೆ; ಉಜ್ಜಬಾರದು, ಅಂಟುಪಟ್ಟಿ ಒತ್ತಿ ಎತ್ತಿ ರೋಮ ತೆಗೆದು, ಆಮೇಲೆ ಸೋಪುನೀರಿನಲ್ಲಿ ತೊಳೆಯಬೇಕು. ಗುಲಾಬಿ ಎಲೆಯ ಅಂಚಿನಲ್ಲಿ ಬಳೆಚೂರಿನಂತೆ ದುಂಡಗೆ ಕತ್ತರಿಸಿದ ಗುರುತು ಇದ್ದರೆ ಹುಳುವನ್ನು ಹುಡುಕುವುದೇ ಬೇಡ. ಅದು ಒಂಟಿಜೇನು ತನ್ನ ಮರಿಯ ಕೋಣೆಗೆ ಒಯ್ದ ಎಲೆತುಂಡು. ಇನ್ನು ಸಸ್ಯಹೇನು ಮುತ್ತಿದ ಚಿಗುರಿನಲ್ಲಿ ಮುಳ್ಳುಮೈಯ, ಮೊಸಳೆಮರಿಯಂಥ ಕಪ್ಪು ಹುಳು ಕಂಡರೆ ದಯವಿಟ್ಟು ಒರೆಸಿ ಹಾಕಬೇಡಿ, ಗುಲಗಂಜಿ ಹುಳುವಿನ ಮರಿ ಅದು, ಹೇನು ತಿನ್ನಲೆಂದೇ ಬಂದದ್ದು.

ಗುಡಿಸುವುದನ್ನೂ ಕಡಿಮೆ ಮಾಡಿದ್ದೇನೆ. ನಂದಿಬಟ್ಟಲಿನ ಮೇಲೆ ಬೆಳೆಯುವ, ನೀಲಿ ಕಣ್ಣು ಬರೆದಂಥ ದೊಡ್ಡ ಹುಳು ಕೆಳಗಿಳಿದು ತರಗೆಲೆಯ ಅಡಿಯಲ್ಲೇ ಕೋಶವಾಗುತ್ತದೆ, ಆಮೇಲೆ ಪತಂಗವಾಗಿ ರಾತ್ರಿ ಹೊರಡುತ್ತದೆ. ಅದಕ್ಕಾಗಿ ಗಿಡಗಳ ಬುಡದ ತರಗೆಲೆ ಮುಟ್ಟುವುದಿಲ್ಲ, ಹೊರಗಿನ ದೀಪವನ್ನು ಬೇಗ ಆರಿಸುತ್ತೇನೆ. ತರಗೆಲೆ ಉಳಿದ ಮೇಲೆ ಹಾವುರಾಣಿಯೂ ಕಪ್ಪೆಯೂ ಯಾರೂ ಕರೆಯದೆ ಬಂದವು.

ನಿಂಬೆಯ ಹುಳು ಕೋಶ ಕಟ್ಟಲು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಗಿಡ ಬಿಟ್ಟು ಇಳಿದು ಗೋಡೆ, ಕುಂಡ, ಬಟ್ಟೆ ಒಣಹಾಕುವ ಕಂಬ, ಎಲ್ಲಿ ಬೇಕಾದರೂ ಹತ್ತಿ, ನಡುವಿಗೆ ರೇಷ್ಮೆಯ ಎಳೆ ಸುತ್ತಿಕೊಂಡು ಒರಗುತ್ತದೆ. ಹಸಿರಿನ ನಡುವೆ ಕಟ್ಟಿದ ಕೋಶ ಸಾಮಾನ್ಯವಾಗಿ ಹಸಿರು, ಒಣಕಟ್ಟಿಗೆಯ ಮೇಲಿನದು ಕಂದು. ಈ ಸಲ ಒಂದು ಹುಳು ಅಂಗಳದ ಪೊರಕೆಯ ಹಿಡಿಯನ್ನೇ ಆರಿಸಿಕೊಂಡಿದೆ. ಒಂಬತ್ತು ದಿನದಿಂದ ಪೊರಕೆ ಗೋಡೆಗೆ ಒರಗಿದ್ದಲ್ಲೇ ಇದೆ. ಕಂದು ಕೋಶ ನಿನ್ನೆ ಸಂಜೆಯಿಂದ ಕಪ್ಪಾಗುತ್ತಿದೆ, ತೆಳುಗೋಡೆಯ ಒಳಗಿನಿಂದ ರೆಕ್ಕೆಯ ಹಳದಿ ಮಚ್ಚೆಗಳು ಕಾಣಲು ಶುರುವಾಗಿವೆ. ಅಣ್ಣನ ಮಗಳಿಗೆ ಫೋನ್ ಮಾಡಿ ಹೇಳಿದ್ದೇನೆ, ಬೆಳಗ್ಗೆ ಬೇಗ ಬರುತ್ತಾಳೆ.